ಫ್ರೀಬಿಎಸ್‌ಡಿ ಸ್ಟೋರೇಜ್ ಪೆಟ್ಟಿಗೆಗೆ ಕಂಟ್ರೋಲರ್ ಕಾರ್ಡ್: ಕೊಳ್ಳುವ ಮುಂಚೆ ಚಿಪ್ ನೋಡಿ

ಮನೆಯಲ್ಲೋ ಸಣ್ಣ ಆಫೀಸಿನಲ್ಲೋ ಒಂದು ಹಳೆಯ ಪಿಸಿಗೆ ಎಂಟು ಡಿಸ್ಕ್ ಹಾಕಿ, ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಇನ್‌ಸ್ಟಾಲ್ ಮಾಡಿ, ಹಲವು ಡಿಸ್ಕುಗಳನ್ನು ಒಟ್ಟುಗೂಡಿಸುವ ಜೆಡ್‌ಎಫ್‌ಎಸ್ ಫೈಲ್ ಸಿಸ್ಟಂ ಮೇಲೆ ಫೈಲ್ ಇಡುವ ಕೆಲಸಕ್ಕೆ ಹೊರಟವರು ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ಡಿಸ್ಕುಗಳನ್ನು ಮದರ್‌ಬೋರ್ಡಿಗೆ ಜೋಡಿಸುವ ಕಂಟ್ರೋಲರ್ ಕಾರ್ಡ್ ಬಂದಿರುತ್ತದೆ, ದೀಪವೂ ಉರಿಯುತ್ತದೆ, ಡಿಸ್ಕ್ ಮಾತ್ರ ಕಾಣುವುದಿಲ್ಲ. ಇಲ್ಲವೇ ಡಿಸ್ಕ್ ಕಾಣುತ್ತದೆ, ಅದರ ಸೀರಿಯಲ್ ನಂಬರ್ ಕಾಣುವುದಿಲ್ಲ. ಅದೂ ಅಲ್ಲದಿದ್ದರೆ ಎರಡು ತಿಂಗಳು ಸರಿಯಾಗಿ ಓಡಿ, ಒಂದು ದಿನ ದೊಡ್ಡ ಫೈಲ್ ಕಾಪಿ ಮಾಡುವಾಗ ನಾಲ್ಕು ಡಿಸ್ಕ್ ಒಟ್ಟಿಗೆ ಮಾಯವಾಗುತ್ತವೆ.

ಇದಕ್ಕೆಲ್ಲ ಮೂಲ ಕೊಳ್ಳುವ ಕ್ರಮ ತಲೆಕೆಳಗಾಗಿರುವುದು. ಮೊದಲು ಕಾರ್ಡ್ ತರಿಸಿ, ಆಮೇಲೆ ಅದಕ್ಕೆ ತಕ್ಕ ಕೇಬಲ್, ಆಮೇಲೆ ಸ್ಲಾಟ್, ಕೊನೆಗೆ ಡ್ರೈವರ್ ಹುಡುಕುತ್ತಾರೆ. ಸರಿಯಾದ ಕ್ರಮ ಹೀಗೆ: ಡಿಸ್ಕ್, ಸ್ಲಾಟ್, ಚಿಪ್, ಡ್ರೈವರ್ (ಕಾರ್ಡನ್ನು ನಡೆಸುವ ಆಪರೇಟಿಂಗ್ ಸಿಸ್ಟಂನ ತಂತ್ರಾಂಶ), ಫರ್ಮ್‌ವೇರ್ (ಕಾರ್ಡಿನೊಳಗೇ ಕೂತ ತಂತ್ರಾಂಶ). ಕಾರ್ಡಿನ ಬ್ರ್ಯಾಂಡ್ ಆ ಮೇಲಿನ ಮಾತು.

ಕಮಾಂಡುಗಳ ಬಗ್ಗೆ ಒಂದು ಸೂಚನೆ: ಇಲ್ಲಿ ಅವನ್ನು ಉಚ್ಚರಿಸುವ ಹಾಗೆಯೇ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ.

ಕೈಯಲ್ಲಿ ಇರಬೇಕಾದದ್ದು

ಮದರ್‌ಬೋರ್ಡಿನ ಮ್ಯಾನ್ಯುಯಲ್ (ಪಿಡಿಎಫ್ ಸಾಕು), ಟಾರ್ಚ್, ಫ್ರೀಬಿಎಸ್‌ಡಿ ಹಾಕಿದ ಒಂದು ಯುಎಸ್‌ಬಿ ಪೆನ್‌ಡ್ರೈವ್, ಫರ್ಮ್‌ವೇರ್ ಬದಲಿಸಲು ಫ್ಯಾಟ್32 ಫಾರ್ಮ್ಯಾಟ್ ಮಾಡಿದ ಇನ್ನೊಂದು ಪೆನ್‌ಡ್ರೈವ್, 40 ಮಿಲಿಮೀಟರಿನ ಒಂದು ಸಣ್ಣ ಫ್ಯಾನ್, ನಾಲ್ಕು ಜಿಪ್ ಟೈ. ಕರೆಂಟ್ ಹೇಳದೆ ಹೋಗುವ ಊರಾದರೆ ಯುಪಿಎಸ್ ಕಡ್ಡಾಯ. ಫರ್ಮ್‌ವೇರ್ ಬರೆಯುವಾಗ ಕರೆಂಟ್ ಹೋದರೆ ಕಾರ್ಡ್ ಕೆಟ್ಟು ಕೂರುತ್ತದೆ.

ಹಂತ 1: ಡಿಸ್ಕ್ ಎಣಿಸಿ, ಬೋರ್ಡಿನಲ್ಲಿ ಇರುವುದನ್ನು ಮೊದಲು ಮುಗಿಸಿ

ಬೋರ್ಡಿನಲ್ಲೇ ಆರು ಸಾಟಾ ಪೋರ್ಟ್ ಇದ್ದು ನಿಮ್ಮಲ್ಲಿ ಐದು ಡಿಸ್ಕ್ ಇದ್ದರೆ ಕಾರ್ಡೇ ಬೇಡ. ಬೋರ್ಡಿನ ಪೋರ್ಟುಗಳು ಎಎಚ್‌ಸಿಐ ಎಂಬ ಮಾಮೂಲಿ ಸಾಟಾ ಪದ್ಧತಿಯವು. ಫ್ರೀಬಿಎಸ್‌ಡಿಯಲ್ಲಿ ಅವಕ್ಕೆ ಏನೂ ಸೇರಿಸಬೇಕಿಲ್ಲ. ಬಯಾಸ್‌ನಲ್ಲಿ ಸಾಟಾ ಮೋಡ್ ರೇಡ್ (ಹಲವು ಡಿಸ್ಕನ್ನು ಒಂದಾಗಿ ತೋರಿಸುವ ಕ್ರಮ) ಎಂದಿದ್ದರೆ ಎಎಚ್‌ಸಿಐಗೆ ಬದಲಿಸಿ, ಅಷ್ಟೆ.

ಇಲ್ಲೊಂದು ಮೋಸವಿದೆ. ಅನೇಕ ಬೋರ್ಡುಗಳಲ್ಲಿ ಎಂ.2 ಸ್ಲಾಟಿಗೆ ಎಸ್‌ಎಸ್‌ಡಿ ಹಾಕಿದ ಕೂಡಲೆ ಒಂದೆರಡು ಸಾಟಾ ಪೋರ್ಟ್ ತಾನಾಗಿ ಬಂದ್ ಆಗುತ್ತದೆ. ಇದು ಮ್ಯಾನ್ಯುಯಲ್‌ನಲ್ಲಿ ಸಣ್ಣ ಅಕ್ಷರದ ಅಡಿಟಿಪ್ಪಣಿಯಾಗಿ ಇರುತ್ತದೆ. ಪೋರ್ಟ್ ಸತ್ತಿದೆ ಎಂದು ಬೋರ್ಡನ್ನು ವಾಪಸ್ ಕಳಿಸುವ ಮುಂಚೆ ಅದನ್ನು ಓದಿ.

ಡಿಸ್ಕ್ ಯಾವ ಜಾತಿಯದು ಎಂದೂ ನೋಡಿ: ಮಾಮೂಲಿ ಪಿಸಿಯ ಸಾಟಾ, ಇಲ್ಲವೇ ಸರ್ವರಿನ ಸಾಸ್. ಸಾಸ್ ಕಾರ್ಡಿಗೆ ಸಾಟಾ ಡಿಸ್ಕ್ ಹಾಕಬಹುದು. ಸಾಟಾ ಕಾರ್ಡಿಗೆ ಸಾಸ್ ಡಿಸ್ಕ್ ಹಾಕಲಾಗದು. ಸಾಸ್ ಡಿಸ್ಕಿನ ಕನೆಕ್ಟರಿನಲ್ಲಿ ಡೇಟಾ ಮತ್ತು ಪವರ್ ಭಾಗಗಳ ನಡುವಿನ ಸಂದು ಮುಚ್ಚಿರುತ್ತದೆ, ಸಾಟಾ ಡಿಸ್ಕಿನಲ್ಲಿ ತೆರೆದಿರುತ್ತದೆ. ಡೇಟಾ ಸೆಂಟರಿನಿಂದ ಕಳಚಿದ ಅಗ್ಗದ ಸಾಸ್ ಡಿಸ್ಕ್ ಕೊಂಡಿದ್ದರೆ ಇನ್ನೊಂದು ತೊಡಕು ಇರಬಹುದು: ಕೆಲವಕ್ಕೆ 512 ಬದಲು 520 ಬೈಟಿನ ಸೆಕ್ಟರ್ ಇರುತ್ತದೆ. ಡಿಸ್ಕ್ ಪಟ್ಟಿಯಲ್ಲಿ ಕಾಣುತ್ತದೆ, ಬರೆಯಲು ಹೋದರೆ ಆಗುವುದಿಲ್ಲ. ಕಾರ್ಡನ್ನು ಬೈಯುವ ಮುಂಚೆ ಎಸ್‌ಜಿ_ಫಾರ್ಮ್ಯಾಟ್ ಎಂಬ ಸಲಕರಣೆಯಿಂದ 512ಕ್ಕೆ ಮರುಫಾರ್ಮ್ಯಾಟ್ ಮಾಡಿ. ದೊಡ್ಡ ಡಿಸ್ಕಿಗೆ ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ನಿಲ್ಲಿಸಬೇಡಿ.

ಹಂತ 2: ಸ್ಲಾಟಿನ ಉದ್ದ ಅಲ್ಲ, ಲೇನ್ ಎಣಿಸಿ

ಬೋರ್ಡಿನ ಎರಡನೆಯ ಉದ್ದ ಸ್ಲಾಟ್ ನೋಡಲು 16 ಲೇನಿನದಾದರೂ (ಲೇನ್ ಅಂದರೆ ಡೇಟಾ ಓಡುವ ಒಂದು ದಾರಿ) ಒಳಗೆ ತಂತಿ ಎಳೆದಿರುವುದು ಬಹುತೇಕ ನಾಲ್ಕೇ ಲೇನಿಗೆ. ಟಾರ್ಚ್ ಹಿಡಿದು ಸ್ಲಾಟಿನ ಒಳಗೆ ನೋಡಿದರೆ ಹಿತ್ತಾಳೆ ಬಣ್ಣದ ಪಿನ್‌ಗಳು ಎಲ್ಲಿಗೆ ನಿಂತಿವೆ ಎಂದು ಕಾಣುತ್ತದೆ. ಖಚಿತ ಲೆಕ್ಕ ಮ್ಯಾನ್ಯುಯಲ್‌ನಲ್ಲಿದೆ.

ಎಂಟು ಲೇನಿನ ಕಾರ್ಡ್ ನಾಲ್ಕು ಲೇನಿನ ಸ್ಲಾಟಿನಲ್ಲೂ ಓಡುತ್ತದೆ, ವೇಗ ಅರ್ಧವಾಗುತ್ತದೆ. ಅದು ಸಾಕೇ ಎಂದು ಲೆಕ್ಕ ಹಾಕಿ. ಈ ಸ್ಲಾಟುಗಳ ಪದ್ಧತಿಯ ಹೆಸರು ಪಿಸಿಐಇ. ಪಿಸಿಐಇ 2.0ರ ಒಂದು ಲೇನಿಗೆ ಸೆಕೆಂಡಿಗೆ ಸುಮಾರು 500 ಎಂಬಿ, 3.0ರ ಒಂದು ಲೇನಿಗೆ ಸುಮಾರು 985 ಎಂಬಿ. ಈಗಿನ 3.5 ಇಂಚಿನ ಡಿಸ್ಕ್ ಅದರ ಹೊರ ಅಂಚಿನಲ್ಲಿ ಸುಮಾರು 250 ಎಂಬಿ ಓದುತ್ತದೆ. ಎಂಟು ಡಿಸ್ಕ್ ಒಟ್ಟಿಗೆ ಓದಿದರೆ 2,000 ಎಂಬಿ. ಪಿಸಿಐಇ 2.0ರ ನಾಲ್ಕು ಲೇನಿಗೆ ಇದು ಕತ್ತಿನ ಮಟ್ಟ, ನಿಯಂತ್ರಣ ಸಂದೇಶಗಳಿಗೆ ಹೋಗುವ ಪಾಲು ಕಳೆದರೆ ಸ್ವಲ್ಪ ಕಡಿಮೆಯೇ ಸಿಗುತ್ತದೆ. ಗಿಗಾಬಿಟ್ ನೆಟ್‌ವರ್ಕಿನಲ್ಲಿ ಹೊರಗೆ ಹೋಗುವುದು ಹೇಗೂ ಸೆಕೆಂಡಿಗೆ 110 ಎಂಬಿ ಆಸುಪಾಸು, ಹಾಗಾಗಿ ದಿನನಿತ್ಯ ವ್ಯತ್ಯಾಸ ಗೊತ್ತಾಗದು. ಎಲ್ಲ ಡೇಟಾ ಓದಿ ಪರಿಶೀಲಿಸುವ ಸ್ಕ್ರಬ್ ಮಾಡುವಾಗ, ಕೆಟ್ಟ ಡಿಸ್ಕ್ ಬದಲಿಸಿ ಹೊಸದಕ್ಕೆ ಡೇಟಾ ತುಂಬುವ ರೀಸಿಲ್ವರ್ ಮಾಡುವಾಗ ಮಾತ್ರ ಗಂಟೆಗಳು ಉದ್ದವಾಗುತ್ತವೆ.

ಒಂದೇ ಲೇನಿನ ಸ್ಲಾಟಿಗೆ ಎಂಟು ಡಿಸ್ಕಿನ ಕಾರ್ಡ್ ಕೂರಿಸುವ ಯೋಚನೆ ಬಿಡಿ. ಪಿಸಿಐಇ 2.0 ಆದರೆ ಡಿಸ್ಕಿಗೆ 60 ಎಂಬಿ ಬೀಳುತ್ತದೆ.

ಗ್ರಾಫಿಕ್ಸ್ ಕಾರ್ಡಿಗೆಂದು ಇರುವ ಮೊದಲ ಸ್ಲಾಟನ್ನು ಬಳಸಲು ಹಿಂಜರಿಯಬೇಡಿ. ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದ್ದರೆ ಆ ಸ್ಲಾಟ್ ಖಾಲಿ ಬಿದ್ದಿರುತ್ತದೆ, ಲೇನ್ ತುಂಬಾ ಇರುವುದೂ ಅಲ್ಲೇ.

ಹಂತ 3: ಚಿಪ್ ಆರಿಸಿ

ಆಪರೇಟಿಂಗ್ ಸಿಸ್ಟಂ ಡಬ್ಬಿಯ ಮೇಲಿನ ಹೆಸರು ಓದುವುದಿಲ್ಲ. ಕಾರ್ಡಿನ ಚಿಪ್ ಹೇಳುವ ಪಿಸಿಐ ಐಡಿ ಎಂಬ ಗುರುತು ಸಂಖ್ಯೆ ಓದಿ ಡ್ರೈವರ್ ಜೋಡಿಸುತ್ತದೆ. ಒಂದೇ ಚಿಪ್ ಐದು ಕಂಪನಿಗಳ ಹೆಸರಿನಲ್ಲಿ ಬರುತ್ತದೆ. ಚಿಪ್ ತಯಾರಿಸಿದ ಎಲ್‌ಎಸ್‌ಐ 2014ರಲ್ಲಿ ಅವಾಗೋ ಪಾಲಾಯಿತು, 2016ರಲ್ಲಿ ಅವಾಗೋ ತಾನೇ ಬ್ರಾಡ್‌ಕಾಮ್ ಹೆಸರಿಟ್ಟುಕೊಂಡಿತು. ಹೀಗಾಗಿ ಒಂದೇ ಕಾರ್ಡಿನ ಮೇಲೆ ಮೂರು ಹೆಸರುಗಳಲ್ಲಿ ಯಾವುದಾದರೂ ಇರಬಹುದು. ಅದನ್ನು ನೋಡಿ ಅಸಲಿ ನಕಲಿ ತೀರ್ಮಾನಿಸಬೇಡಿ.

ಎರಡರಿಂದ ಆರು ಸಾಟಾ ಡಿಸ್ಕ್ ಮಾತ್ರ ಬೇಕಿದ್ದರೆ: ಎಎಸ್‌ಮೀಡಿಯಾ ಕಂಪನಿಯ ಎಎಸ್‌ಎಂ1166 ಚಿಪ್ (ಆರು ಪೋರ್ಟ್, ಪಿಸಿಐಇ 3.0ರ ಎರಡು ಲೇನ್) ಅಥವಾ ಜೆಮೈಕ್ರಾನಿನ ಜೆಎಂಬಿ585 (ಐದು ಪೋರ್ಟ್, ಎರಡು ಲೇನ್). ಎರಡೂ ಎಎಚ್‌ಸಿಐ ಚಿಪ್‌ಗಳೇ. ಫರ್ಮ್‌ವೇರ್ ಮೋಡ್ ಎಂಬ ತಲೆನೋವಿಲ್ಲ, ಕರೆಂಟ್ ಕಡಿಮೆ ತಿನ್ನುತ್ತವೆ, ಅಷ್ಟು ಬಿಸಿಯಾಗುವುದಿಲ್ಲ. ಒಂದೇ ಲೇನಿನ ಸ್ಲಾಟ್ ಇದ್ದರೆ ನಾಲ್ಕು ಪೋರ್ಟಿನ ಎಎಸ್‌ಎಂ1064 ಸಾಕು.

ಇದೇ ಚಿಪ್‌ಗಳ ಹೆಸರು ಹೇಳಿ 10, 16, 20 ಪೋರ್ಟಿನ ಕಾರ್ಡ್ ಮಾರುತ್ತಾರೆ. ಆರು ಪೋರ್ಟಿನ ಚಿಪ್‌ನಿಂದ 20 ಪೋರ್ಟ್ ಹೇಗೆ ಬಂತು? ನಡುವೆ ಜೆಎಂಬಿ575ನಂಥ ಪೋರ್ಟ್ ಮಲ್ಟಿಪ್ಲೈಯರ್ ಚಿಪ್ ಕೂತಿರುತ್ತದೆ. ಅದು ಒಂದು ಪೋರ್ಟನ್ನು ಐದಾಗಿ ಒಡೆಯುತ್ತದೆ. ಒಂದು ಡಿಸ್ಕ್ ತೊದಲಿದರೆ ಅದೇ ಗುಂಪಿನ ಉಳಿದ ನಾಲ್ಕೂ ಬಿದ್ದುಹೋಗುತ್ತವೆ. ಜೆಡ್‌ಎಫ್‌ಎಸ್‌ನಲ್ಲಿ ಎರಡು ಡಿಸ್ಕ್ ಕೆಟ್ಟರೂ ತಡೆಯುವ ರೇಡ್‌ಜೆಡ್2 ಕಟ್ಟಿದ್ದರೂ ಐದು ಒಟ್ಟಿಗೆ ಹೋದರೆ ಏನೂ ಮಾಡಲಾಗದು. ಚಿಪ್‌ನ ಪೋರ್ಟಿಗಿಂತ ಕಾರ್ಡಿನ ಪೋರ್ಟ್ ಹೆಚ್ಚಿದ್ದರೆ ಆ ಕಾರ್ಡ್ ಬೇಡ.

ಮಾರ್ವೆಲ್‌ನ 88ಎಸ್‌ಇ91 ಸರಣಿಯ ಹಳೆಯ ಚಿಪ್‌ಗಳು ಐಒಎಂಎಂಯು (ಕಾರ್ಡುಗಳು ಮೆಮೊರಿಯ ಯಾವ ಭಾಗ ಮುಟ್ಟಬಹುದೆಂದು ನಿಯಂತ್ರಿಸುವ ವ್ಯವಸ್ಥೆ) ಚಾಲೂ ಇದ್ದಾಗ ಕಿರಿಕಿರಿ ಮಾಡುತ್ತವೆ. ಡೇಟಾ ಕಳಿಸುವಾಗ ತನ್ನದಲ್ಲದ ಸಾಧನ ಸಂಖ್ಯೆ ಹೇಳುವ ದೋಷ ಅವುಗಳಲ್ಲಿದೆ. ವರ್ಚುವಲ್ ಮೆಷಿನ್ ಓಡಿಸುವವರು ದೂರವಿರಿ.

ಎಂಟು ಡಿಸ್ಕ್, ಅದಕ್ಕೂ ಹೆಚ್ಚು, ಅಥವಾ ಸಾಸ್ ಡಿಸ್ಕ್ ಇದ್ದರೆ: ಎಲ್‌ಎಸ್‌ಐ ವಂಶದ ಎಚ್‌ಬಿಎ ಕಾರ್ಡ್. ಎಚ್‌ಬಿಎ ಅಂದರೆ ರೇಡ್ ಮಾಡದೆ ಡಿಸ್ಕನ್ನು ಇದ್ದ ಹಾಗೆ ಆಪರೇಟಿಂಗ್ ಸಿಸ್ಟಂ ಕೈಗೆ ಕೊಡುವ ಕಾರ್ಡ್. ಮೂರು ತಲೆಮಾರು ನೆನಪಿಡಿ.

ಸಾಸ್2008: ಪಿಸಿಐಇ 2.0, ಎಂಟು ಲೇನ್, 6 ಗಿಗಾಬಿಟ್. ಕಾರ್ಡಿನ ಹೆಸರು 9211-8ಐ. ಪಿಸಿಐ ಐಡಿ 1000:0072. ತಿರುಗುವ ಡಿಸ್ಕಿಗೆ ಇವತ್ತಿಗೂ ಸಾಕು.

ಸಾಸ್2308: ಪಿಸಿಐಇ 3.0, 6 ಗಿಗಾಬಿಟ್. ಕಾರ್ಡ್ 9207-8ಐ, ಐಡಿ 1000:0087. ನಾಲ್ಕು ಲೇನಿನ ಸ್ಲಾಟ್ ಮಾತ್ರ ಇರುವವರಿಗೆ ಇದೇ ಸರಿ, ಯಾಕೆಂದರೆ 3.0ರ ನಾಲ್ಕು ಲೇನಿನಲ್ಲೇ ಎಂಟು ಡಿಸ್ಕ್ ಆರಾಮವಾಗಿ ಓಡುತ್ತವೆ.

ಸಾಸ್3008: ಪಿಸಿಐಇ 3.0, 12 ಗಿಗಾಬಿಟ್. ಕಾರ್ಡ್ 9300-8ಐ, ಐಡಿ 1000:0097. ಸಾಸ್ ಎಸ್‌ಎಸ್‌ಡಿ ಇದ್ದರೆ ಮಾತ್ರ 12 ಗಿಗಾಬಿಟ್ ಉಪಯೋಗಕ್ಕೆ ಬರುತ್ತದೆ. ಆದರೂ ಹೊಸದಾಗಿ ಕೊಳ್ಳುವವರಿಗೆ ನಮ್ಮ ಮೊದಲ ಸಲಹೆ ಇದೇ. ಬೇರೆ ಆಪರೇಟಿಂಗ್ ಸಿಸ್ಟಂಗಳು ಹಳೆಯ ಚಿಪ್‌ಗಳನ್ನು ಕೈಬಿಡಲು ಶುರು ಮಾಡಿವೆ, ಅದರ ಮಾತು ಮುಂದಿನ ಹಂತದಲ್ಲಿ.

16 ಪೋರ್ಟ್ ಬೇಕಿದ್ದರೆ 9300-16ಐ ಮತ್ತು 9305-16ಐ ನಡುವೆ ಗೊಂದಲ ಮಾಡಿಕೊಳ್ಳಬೇಡಿ. ಮೊದಲನೆಯದು ಎರಡು ಸಾಸ್3008 ಚಿಪ್ ಒಂದೇ ಹಲಗೆಯ ಮೇಲೆ ಕೂರಿಸಿದ್ದು. ಅದಕ್ಕೆ ಪ್ರತ್ಯೇಕ ಆರು ಪಿನ್ ಪವರ್ ಬೇಕು, ಕಾವಲಿಯ ಹಾಗೆ ಕಾಯುತ್ತದೆ. ಎರಡನೆಯದು ಒಂದೇ ಚಿಪ್‌ನದು, ಎಷ್ಟೋ ತಣ್ಣಗೆ.

ಇವೆಲ್ಲಕ್ಕಿಂತ ಹಳೆಯ ಸಾಸ್1068ಇ ಕಾರ್ಡ್ ಪುಕ್ಕಟೆ ಸಿಕ್ಕರೂ ಬೇಡ. 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಅದು ಪೂರ್ತಿ ನೋಡಲಾರದು. ಯಾವ ಫರ್ಮ್‌ವೇರ್ ಹಾಕಿದರೂ ಅಷ್ಟೇ.

ರೇಡ್ ಕಾರ್ಡ್ ಯಾಕೆ ಬೇಡ

ಕೈಯಲ್ಲಿರುವ ರೇಡ್ ಕಾರ್ಡನ್ನೇ ಬಳಸಿ, ಒಂದೊಂದು ಡಿಸ್ಕನ್ನೂ ಒಂಟಿ ರೇಡ್-0 ಮಾಡಿ ಜೆಡ್‌ಎಫ್‌ಎಸ್‌ಗೆ ಕೊಡುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಕೆಲಸವೂ ಮಾಡುತ್ತದೆ, ಡಿಸ್ಕ್ ಕೆಡುವ ದಿನದವರೆಗೆ. ಆ ಕಾರ್ಡ್ ಡಿಸ್ಕಿನ ಮೇಲೆ ತನ್ನದೇ ಗುರುತು ಬರೆದಿರುತ್ತದೆ, ಆದ್ದರಿಂದ ಕಾರ್ಡ್ ಸತ್ತರೆ ಡಿಸ್ಕನ್ನು ಬೇರೆ ಪಿಸಿಗೆ ಹಾಕಿ ಓದಲು ಪರದಾಡಬೇಕು. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ಮಾಹಿತಿ ಮೇಲಕ್ಕೆ ನೇರ ಬರುವುದಿಲ್ಲ. ಡಿಸ್ಕ್ ಬದಲಿಸಿದರೆ ಮಷಿನ್ ಬಂದ್ ಮಾಡಿ ಕಾರ್ಡಿನ ಮೆನುಗೆ ಹೋಗಿ ಹೊಸ ರೇಡ್-0 ಕಟ್ಟಬೇಕು. ಎಲ್ಲಕ್ಕಿಂತ ಕೆಟ್ಟದ್ದು ಕ್ಯಾಷ್, ಅಂದರೆ ಕಾರ್ಡಿನ ತಾತ್ಕಾಲಿಕ ಮೆಮೊರಿ. ಬ್ಯಾಟರಿ ಇಲ್ಲದ ಕ್ಯಾಷಿನಲ್ಲಿ ಬರಹ ನಿಂತಿರುವಾಗಲೇ ‘ಡಿಸ್ಕಿಗೆ ಬರೆದಾಯಿತು’ ಎಂದು ಕಾರ್ಡ್ ಸುಳ್ಳು ಹೇಳಿದರೆ, ಕರೆಂಟ್ ಹೋದ ಕ್ಷಣ ಜೆಡ್‌ಎಫ್‌ಎಸ್ ನಂಬಿದ ಕ್ರಮವೇ ಕಲಸಿಹೋಗುತ್ತದೆ.

ಹಂತ 4: ಚಿಪ್‌ಗೆ ಡ್ರೈವರ್ ಇದೆಯೇ, ಯಾವುದು

ಫ್ರೀಬಿಎಸ್‌ಡಿಯಲ್ಲಿ ಸಾಸ್2008 ಮತ್ತು 2308ಕ್ಕೆ ಎಂಪಿಎಸ್ ಡ್ರೈವರ್, ಸಾಸ್3008 ಮತ್ತು ನಂತರದ 9400, 9500 ಸರಣಿಗೆ ಎಂಪಿಆರ್ ಡ್ರೈವರ್. ಎರಡೂ ಮಾಮೂಲಿ ಕರ್ನಲ್‌ನಲ್ಲೇ (ಆಪರೇಟಿಂಗ್ ಸಿಸ್ಟಂನ ತಿರುಳಿನಲ್ಲೇ) ಇವೆ. 9600 ಸರಣಿ ಬೇರೆಯದೇ ಡ್ರೈವರ್ ಕೇಳುತ್ತದೆ, ಅದರ ಹೆಸರು ಎಂಪಿಐ3ಎಂಆರ್. ಕೊಳ್ಳುವ ಮುಂಚೆ ನಿಮ್ಮ ಆವೃತ್ತಿಯ ಮ್ಯಾನ್ ಪುಟ (ಸಿಸ್ಟಂನಲ್ಲೇ ಇರುವ ಕೈಪಿಡಿ) ತೆರೆದು, ‘ಹಾರ್ಡ್‌ವೇರ್’ ಭಾಗದಲ್ಲಿ ಚಿಪ್ ಸಂಖ್ಯೆ ಇದೆಯೇ ನೋಡಿ. ‘ಮ್ಯಾನ್ 4 ಎಂಪಿಎಸ್’ ಎಂದು ಕೊಟ್ಟರೆ ಪಟ್ಟಿ ಬರುತ್ತದೆ. ಅಂಗಡಿಯವರು ‘ಲಿನಕ್ಸ್‌ಗೆ ನಡೆಯುತ್ತದೆ’ ಅಂದರೆ ಅದು ಫ್ರೀಬಿಎಸ್‌ಡಿಗೆ ಕೊಟ್ಟ ಉತ್ತರವಲ್ಲ.

ಡ್ರೈವರ್ ಹೆಸರೇ ಕಾರ್ಡಿನ ಗುಟ್ಟು ಬಿಟ್ಟುಕೊಡುತ್ತದೆ. ಡಿಸ್ಕುಗಳು ‘ಡಿಎ0, ಡಿಎ1’ ಎಂದು ಬಂದು, ಡ್ರೈವರ್ ಎಂಪಿಎಸ್ ಅಥವಾ ಎಂಪಿಆರ್ ಆಗಿದ್ದರೆ ಎಚ್‌ಬಿಎ ಸರಿಯಿದೆ. ‘ಎಡಿಎ0’ ಎಂದರೆ ಎಎಚ್‌ಸಿಐ ಪೋರ್ಟಿನ ಡಿಸ್ಕ್. ‘ಎಂಎಫ್‌ಐಡಿ0’ ಎಂದು ಬಂದರೆ ಕಾರ್ಡಿನೊಳಗೆ ಮೆಗಾರೇಡ್ ಎಂಬ ರೇಡ್ ಫರ್ಮ್‌ವೇರ್ ಕೂತಿದೆ ಎಂದರ್ಥ. ಸಾಸ್2008 ಚಿಪ್ ಇದ್ದೂ ಪಿಸಿಐ ಐಡಿ 1000:0073 ತೋರಿಸಿದರೆ ಕಥೆ ಇದೇ. ಐಬಿಎಂ ಎಂ1015 ಮತ್ತು ಡೆಲ್ ಪರ್ಕ್ ಎಚ್310 ಮೂಲ ಫರ್ಮ್‌ವೇರಿನಲ್ಲಿ ಹೀಗೇ ಬರುತ್ತವೆ.

ಲಿನಕ್ಸ್ ಬಳಸುವವರಿಗೆ: ಈ ಮೂರೂ ತಲೆಮಾರಿಗೆ ಡ್ರೈವರ್ ಒಂದೇ, ಎಂಪಿಟಿ3ಸಾಸ್. ಹಳೆಯ ಎಂಪಿಟಿ2ಸಾಸ್ ಡ್ರೈವರ್ ಕರ್ನಲ್ 4.4ರಲ್ಲಿ ಅದರೊಳಗೆ ಸೇರಿಹೋಯಿತು. ಡೆಬಿಯನ್, ಉಬುಂಟು ಆದರೆ ಸಮಸ್ಯೆಯಿಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಿಂದ ಸಾಸ್2008ರ ಐಡಿಯನ್ನು ಆ ಡ್ರೈವರಿನಿಂದ ತೆಗೆದುಹಾಕಿದ್ದಾರೆ. ಡ್ರೈವರ್ ಲೋಡ್ ಆಗುತ್ತದೆ, ಕಾರ್ಡಿನ ಕಡೆ ತಿರುಗಿಯೂ ನೋಡುವುದಿಲ್ಲ. ಇನ್‌ಸ್ಟಾಲರಿನಲ್ಲಿ ‘ಡಿಸ್ಕ್ ಸಿಗಲಿಲ್ಲ’ ಎಂದಾಗ ಕೇಬಲ್ ಬದಲಿಸುತ್ತ ಸಂಜೆ ಕಳೆಯುವವರು ಬಹಳ. ಇಎಲ್‌ರೆಪೊ ಸಂಗ್ರಹದ ಡ್ರೈವರ್ ಸೇರಿಸಬಹುದು. ಅದಕ್ಕಿಂತ ಆ ಕುಟುಂಬದ ವಿತರಣೆಗೆ 9300-8ಐ ಕೊಳ್ಳುವುದೇ ನೆಮ್ಮದಿ.

ಹಂತ 5: ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವಾಗ

ಈ ಕಾರ್ಡುಗಳು ಸಿಗುವುದು ಹೆಚ್ಚಾಗಿ ಸರ್ವರಿನಿಂದ ಕಳಚಿದ ರೂಪದಲ್ಲಿ, ಆನ್‌ಲೈನ್‌ನಲ್ಲೋ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆಯೋ. ಕಳಚಿದ್ದೇ ಒಳ್ಳೆಯದು. ‘ಹೊಚ್ಚ ಹೊಸ 9211’ ಎಂದು ಕವರಿನಲ್ಲಿ ಹೊಳೆಯುತ್ತ ಬರುವುದನ್ನು ಸ್ವಲ್ಪ ಅನುಮಾನದಿಂದ ನೋಡಿ.

ಮಾರುವವರಿಗೆ ಮೂರು ಪ್ರಶ್ನೆ ಕೇಳಿ. ಚಿಪ್ ಯಾವುದು? ಐಟಿ ಮೋಡ್ ಫರ್ಮ್‌ವೇರ್ ಇದೆಯೇ, ಐಆರ್ ಮೋಡ್ ಇದೆಯೇ? ಹಿಂಬದಿಯ ಫೋಟೋ ಕಳಿಸುತ್ತೀರಾ? ಐಟಿ ಮೋಡ್ ಎಂದರೆ ಶುದ್ಧ ಎಚ್‌ಬಿಎ, ಐಆರ್ ಎಂದರೆ ಸರಳ ರೇಡ್ ಸೇರಿದ್ದು. ಹಿಂಬದಿಯ ಸ್ಟಿಕರಿನಲ್ಲಿ 16 ಅಂಕಿಯ ಸಾಸ್ ವಿಳಾಸ ಇರಬೇಕು. ಎಲ್‌ಎಸ್‌ಐ ಕಾರ್ಡಿನಲ್ಲಿ ಅದು 500605 ಎಂದು ಶುರುವಾಗುತ್ತದೆ. ಸ್ಟಿಕರೇ ಇಲ್ಲದ ಕಾರ್ಡಿನಲ್ಲಿ ವಿಳಾಸ ಪೂರ್ತಿ ಸೊನ್ನೆ ಆಗಿರಬಹುದು. ಒಂದೇ ಮಷಿನಿನಲ್ಲಿ ಒಂದೇ ವಿಳಾಸದ ಎರಡು ಕಾರ್ಡ್ ಹಾಕಿದರೆ ಡಿಸ್ಕುಗಳು ಬಂದು ಹೋಗಿ ಆಟವಾಡುತ್ತವೆ.

ಬೇರೆ ಕಂಪನಿಗಳ ಹೆಸರಿನಲ್ಲಿ ಬರುವ ಕಾರ್ಡುಗಳಲ್ಲಿ ಎಚ್‌ಪಿಯ ಎಚ್220 ಒಳಗೆ ಸಾಸ್2308 ಇದೆ, ತೆಗೆದುಕೊಳ್ಳಬಹುದು. ಐಬಿಎಂ ಎಂ1015 ಕೂಡ ಸರಿ, ಯಾರೋ ಈಗಾಗಲೇ ಐಟಿ ಮೋಡಿಗೆ ಬದಲಿಸಿದ್ದರೆ. ಡೆಲ್ ಎಚ್310 ಕಾರ್ಡಿಗೆ ಇನ್ನೊಂದು ಹಟ ಇದೆ: ಕೆಲವು ಮಾಮೂಲಿ ಬೋರ್ಡುಗಳಲ್ಲಿ ಅದನ್ನು ಹಾಕಿದ ಕೂಡಲೆ ಮಷಿನ್ ಪರದೆಗೆ ಏನೂ ಬರದೆ ನಿಲ್ಲುತ್ತದೆ. ಕಾರ್ಡಿನ ಅಂಚಿನ ಬಿ5 ಮತ್ತು ಬಿ6 ಪಿನ್‌ಗಳು ಬೋರ್ಡಿನ ಎಸ್‌ಎಂಬಸ್ ಎಂಬ ನಿಯಂತ್ರಣ ತಂತಿಗಳ ಜೊತೆ ಜಗಳ ತೆಗೆಯುವುದು ಕಾರಣ. ಆ ಎರಡು ಪಿನ್ ಮೇಲೆ ಕ್ಯಾಪ್ಟಾನ್ ಎಂಬ, ಕರೆಂಟ್ ಹರಿಯದ ತೆಳು ಟೇಪಿನ ಸಣ್ಣ ತುಂಡು ಅಂಟಿಸಿದರೆ ಬೂಟ್ ಆಗುತ್ತದೆ. ಮೊದಲ ಬಾರಿ ಮಾಡುತ್ತಿರುವವರು ಈ ಕಾರ್ಡಿನ ಗೊಡವೆಗೆ ಹೋಗದಿರುವುದು ಮೇಲು.

ಹಂತ 6: ಕೇಬಲ್, ಪವರ್, ಗಾಳಿ

9211 ಮತ್ತು 9207ರ ಕನೆಕ್ಟರ್ ಎಸ್‌ಎಫ್‌ಎಫ್-8087. 9300ರದು ಎಸ್‌ಎಫ್‌ಎಫ್-8643, ಗಾತ್ರದಲ್ಲಿ ಸಣ್ಣದು. ಒಂದಕ್ಕೆ ತಂದದ್ದು ಇನ್ನೊಂದಕ್ಕೆ ಕೂರದು. ಒಂದು ಕನೆಕ್ಟರಿನಿಂದ ನಾಲ್ಕು ಡಿಸ್ಕ್.

ಕೇಬಲ್ ಆರ್ಡರ್ ಮಾಡುವಾಗ ‘ಫಾರ್ವರ್ಡ್ ಬ್ರೇಕ್‌ಔಟ್’ ಎಂದು ಇರುವುದನ್ನೇ ಆರಿಸಿ. ‘ರಿವರ್ಸ್ ಬ್ರೇಕ್‌ಔಟ್’ ಕೇಬಲ್ ಕಣ್ಣಿಗೆ ಅದೇ ಥರ ಕಾಣುತ್ತದೆ, ಎರಡೂ ತುದಿ ಸರಿಯಾಗಿ ಕೂರುತ್ತವೆ. ಆದರೆ ಅದು ಬೋರ್ಡಿನ ನಾಲ್ಕು ಸಾಟಾ ಪೋರ್ಟಿನಿಂದ ಬ್ಯಾಕ್‌ಪ್ಲೇನಿಗೆ (ಡಿಸ್ಕುಗಳು ಸಿಕ್ಕಿಕೊಳ್ಳುವ ಹಲಗೆಗೆ) ಹೋಗುವ ಕೇಬಲ್. ಒಳಗಿನ ತಂತಿ ಜೋಡಣೆ ಬೇರೆ, ಡಿಸ್ಕ್ ಒಂದೂ ಕಾಣದು. ಕಾರ್ಡ್ ಸರಿಯಾಗಿ ಗುರುತಾಗಿ, ಡಿಸ್ಕ್ ಮಾತ್ರ ಸೊನ್ನೆ ಎಂದಾಗ ಮೊದಲ ಅನುಮಾನ ಇದರ ಮೇಲಿರಲಿ. ಉದ್ದ ಅರ್ಧ ಮೀಟರ್ ಸಾಕು, ಸಾಟಾ ಡಿಸ್ಕಿಗೆ ಒಂದು ಮೀಟರ್ ದಾಟಬೇಡಿ.

ಪವರ್ ವಿಷಯದಲ್ಲಿ ಎರಡು ತಪ್ಪು ಮಾಮೂಲು. 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಎಂಟಕ್ಕೆ 16 ಆಂಪಿಯರ್, ಅಂದರೆ 190 ವ್ಯಾಟಿಗೂ ಮೇಲೆ, ಕೆಲವೇ ಸೆಕೆಂಡಿಗೆ. ಎಂಟನ್ನೂ ಎಸ್‌ಎಂಪಿಎಸ್‌ನ ಒಂದೇ ತಂತಿಗೆ ಸ್ಪ್ಲಿಟರ್ ಹಾಕಿ ನೇತುಹಾಕಬೇಡಿ, ಎರಡು ಅಥವಾ ಮೂರು ತಂತಿಗೆ ಹಂಚಿ. ಅಚ್ಚು ಹೊಯ್ದ ಪ್ಲಾಸ್ಟಿಕ್ಕಿನ ಅಗ್ಗದ ಮೋಲೆಕ್ಸ್-ಸಾಟಾ ಅಡಾಪ್ಟರುಗಳು ಒಳಗೆ ಶಾರ್ಟ್ ಆಗಿ ಹೊತ್ತಿಕೊಳ್ಳುವುದುಂಟು. ತಂತಿ ಪ್ರತ್ಯೇಕವಾಗಿ ಒತ್ತಿ ಕೂರಿಸಿದ, ಬಿಚ್ಚಲು ಬರುವ ಕನೆಕ್ಟರಿನದನ್ನು ಕೊಳ್ಳಿ.

ಇನ್ನೊಂದು: ಕೆಲವು ಹೊಸ ದೊಡ್ಡ ಡಿಸ್ಕುಗಳು ಪವರ್ ಕನೆಕ್ಟರಿನ ಮೂರನೆಯ ಪಿನ್‌ನಲ್ಲಿ 3.3 ವೋಲ್ಟ್ ಕಂಡರೆ ‘ಆರಿಹೋಗು’ ಎಂಬ ಆಜ್ಞೆ ಎಂದುಕೊಳ್ಳುತ್ತವೆ. ಡಿಸ್ಕ್ ತಿರುಗುವ ಸದ್ದೇ ಬರುವುದಿಲ್ಲ. ಆ ಪಿನ್ ಮುಚ್ಚುವಂತೆ ಟೇಪ್ ಹಾಕಿ, ಇಲ್ಲವೇ 3.3 ವೋಲ್ಟ್ ತಂತಿ ಇಲ್ಲದ ಕೇಬಲ್ ಬಳಸಿ.

ಗಾಳಿ. ಈ ಕಾರ್ಡುಗಳನ್ನು ಮಾಡಿದ್ದು ಸರ್ವರಿನ ಬಿರುಗಾಳಿಯಲ್ಲಿ ಬದುಕಲೆಂದು. ತಯಾರಕರು ಕೇಳುವುದು ನಿಮಿಷಕ್ಕೆ ಕನಿಷ್ಠ 200 ಅಡಿ ವೇಗದ ಗಾಳಿ. ಸದ್ದಿಲ್ಲದ ಮನೆ ಕ್ಯಾಬಿನೆಟ್ಟಿನಲ್ಲಿ ಕಾರ್ಡಿನ ಮೇಲೆ ಗಾಳಿಯೇ ಆಡುವುದಿಲ್ಲ. ಹೀಟ್‌ಸಿಂಕಿನ ಮೇಲೆ ಬೆರಳಿಟ್ಟು ಮೂರು ಸೆಕೆಂಡ್ ಹಿಡಿಯಲಾಗದಿದ್ದರೆ ಅದು ಬಹಳ ಬಿಸಿ. 40 ಮಿಲಿಮೀಟರ್ ಫ್ಯಾನನ್ನು ಜಿಪ್ ಟೈಯಿಂದ ಹೀಟ್‌ಸಿಂಕಿಗೇ ಕಟ್ಟಿ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಓಡಿಸುವವರಿಗೆ ಇದು ಐಚ್ಛಿಕವಲ್ಲ. ಹಳೆಯ ಕಾರ್ಡ್ ಆದರೆ ಹೀಟ್‌ಸಿಂಕ್ ತೆಗೆದು ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ.

ಹಂತ 7: ಫರ್ಮ್‌ವೇರ್ ನೋಡಿ, ಬೇಕಿದ್ದರೆ ಮಾತ್ರ ಬದಲಿಸಿ

ಡಿಸ್ಕ್ ಯಾವುದನ್ನೂ ಜೋಡಿಸದೆ ಕಾರ್ಡ್ ಮಾತ್ರ ಹಾಕಿ ಫ್ರೀಬಿಎಸ್‌ಡಿ ಬೂಟ್ ಮಾಡಿ. ‘ಡಿಮೆಸೇಜ್’ ಎಂದು ಓದುವ ಡಿಎಂಇಎಸ್‌ಜಿ ಕಮಾಂಡಿನ ಫಲಿತಾಂಶದಲ್ಲಿ ‘ಎಂಪಿಎಸ್0’ ಹುಡುಕಿ. ಸರಿಯಿರುವ ಕಾರ್ಡಿನಲ್ಲಿ ‘ಫರ್ಮ್‌ವೇರ್: 20.00.07.00’ ಎಂಬ ಸಾಲು, ಅದರ ಕೆಳಗೆ ಸಾಮರ್ಥ್ಯಗಳ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ಐಆರ್ ಎಂಬ ಎರಡಕ್ಷರ ಇದ್ದರೆ ಕಾರ್ಡ್ ಐಆರ್ ಮೋಡಿನಲ್ಲಿದೆ.

ಸಾಸ್2 ಚಿಪ್‌ಗಳಿಗೆ (2008, 2308) 20.00.07.00 ಆವೃತ್ತಿಯೇ ಇರಲಿ. 20.00.00.00 ಇದ್ದರೆ ತಪ್ಪದೆ ಬದಲಿಸಿ, ಅದು ತೊಂದರೆ ಕೊಟ್ಟ ಆವೃತ್ತಿ. ಇಪ್ಪತ್ತು ಎಂದು ಕಂಡ ಕೂಡಲೆ ಸಮಾಧಾನಪಟ್ಟು ಮುಂದಿನ ಅಂಕಿ ನೋಡದೆ ಬಿಡುವುದು ಮಾಮೂಲಿ ತಪ್ಪು. ಸಾಸ್3008ಕ್ಕೆ 16.00.12.00 ಹಾಕಿ.

ಬದಲಿಸುವ ಕ್ರಮ, ಅಸಲಿ 9211-8ಐ ಕಾರ್ಡಿಗೆ:

1. ಸಾಸ್ ವಿಳಾಸವನ್ನು ಸ್ಟಿಕರಿನಿಂದ ಕಾಗದದ ಮೇಲೆ ಬರೆದುಕೊಳ್ಳಿ. ಫೋನಿನಲ್ಲಿ ಫೋಟೋ ಕೂಡ ತೆಗೆಯಿರಿ.

2. ಫ್ಯಾಟ್32 ಪೆನ್‌ಡ್ರೈವಿಗೆ ಯುಇಎಫ್‌ಐ ಶೆಲ್ (ಆಪರೇಟಿಂಗ್ ಸಿಸ್ಟಂ ಇಲ್ಲದೆ ಓಡುವ ಕಮಾಂಡ್ ಪರದೆ), ಸಾಸ್2ಫ್ಲ್ಯಾಶ್.ಇಎಫ್‌ಐ, 2118ಐಟಿ.ಬಿನ್ ಫೈಲುಗಳನ್ನು ಹಾಕಿ. ಡಾಸ್ ಆವೃತ್ತಿಯ ಸಲಕರಣೆ ಹೊಸ ಬೋರ್ಡುಗಳಲ್ಲಿ ‘ಪಿಎಎಲ್ ಶುರುವಾಗಲಿಲ್ಲ’ ಎಂಬ ತಪ್ಪು ಕೊಟ್ಟು ನಿಲ್ಲುತ್ತದೆ, ಅದಕ್ಕೇ ಯುಇಎಫ್‌ಐ. ಶೆಲ್ 2ರಲ್ಲಿ ‘ಶೆಲ್‌ನಿಂದ ಶುರು ಮಾಡಿಲ್ಲ’ ಎಂಬ ತಪ್ಪು ಬಂದರೆ ಶೆಲ್ 1 ಹಾಕಿ.

3. ‘ಸಾಸ್2ಫ್ಲ್ಯಾಶ್ -ಲಿಸ್ಟ್‌ಆಲ್’ ಕೊಡಿ. ಒಂದೇ ಕಾರ್ಡ್ ಕಾಣಬೇಕು. ಎರಡು ಕಂಡರೆ ಬೇಡದ್ದನ್ನು ಮಷಿನಿನಿಂದ ತೆಗೆದಿಟ್ಟು ಬನ್ನಿ.

4. ಈಗಾಗಲೇ ಐಟಿ ಮೋಡ್ ಇದ್ದರೆ ಅಳಿಸುವ ಅಗತ್ಯವಿಲ್ಲ, ನೇರ ಐದಕ್ಕೆ ಹೋಗಿ. ಐಆರ್ ಇದ್ದರೆ ‘ಸಾಸ್2ಫ್ಲ್ಯಾಶ್ -ಒ -ಇ 6’. ಇಲ್ಲಿ 7 ಹಾಕಬೇಡಿ, ತಯಾರಿಕೆಯ ಪುಟಗಳೂ ಅಳಿಸಿಹೋಗುತ್ತವೆ. ಅಳಿಸಿದ ಮೇಲೆ ಮಷಿನ್ ರೀಸ್ಟಾರ್ಟ್ ಮಾಡಲೇಬೇಡಿ. ಕಾರ್ಡ್ ಈಗ ಬರಿದಾಗಿದೆ.

5. ‘ಸಾಸ್2ಫ್ಲ್ಯಾಶ್ -ಒ -ಎಫ್ 2118ಐಟಿ.ಬಿನ್’. ಬೂಟ್ ರಾಮ್ ಸೇರಿಸುವ ‘-ಬಿ’ ಆಯ್ಕೆ ಬಿಟ್ಟುಬಿಡಿ. ಆಪರೇಟಿಂಗ್ ಸಿಸ್ಟಂ ಬೋರ್ಡಿನ ಎಸ್‌ಎಸ್‌ಡಿಯಿಂದ ಬೂಟ್ ಆಗುವುದಾದರೆ ಆ ರಾಮ್‌ನಿಂದ ಪ್ರಯೋಜನವಿಲ್ಲ, ಪ್ರತಿ ಬೂಟಿಗೂ ಸಮಯ ಮಾತ್ರ ತಿನ್ನುತ್ತದೆ.

6. ‘ಸಾಸ್2ಫ್ಲ್ಯಾಶ್ -ಲಿಸ್ಟ್’ ಕೊಟ್ಟು ಆವೃತ್ತಿ ಮತ್ತು ವಿಳಾಸ ನೋಡಿ. ವಿಳಾಸ ಸೊನ್ನೆ ಆಗಿದ್ದರೆ ‘-ಒ -ಸಾಸ್‌ಆಡ್’ ಆಯ್ಕೆಯ ಮುಂದೆ ಬರೆದಿಟ್ಟ 16 ಅಂಕಿ ಹಾಕಿ. ಈಗ ರೀಸ್ಟಾರ್ಟ್.

ಸಾಸ್3008 ಕಾರ್ಡಿಗೆ ಸಲಕರಣೆ ಸಾಸ್3ಫ್ಲ್ಯಾಶ್, ಫರ್ಮ್‌ವೇರ್ ಫೈಲ್ ಬೇರೆ. ಎರಡನ್ನೂ ಅದಲುಬದಲು ಮಾಡಬೇಡಿ. ಎಂ1015, ಎಚ್310 ಕಾರ್ಡುಗಳಿಗೆ ಮೇಲಿನ ಕ್ರಮ ಸಾಲದು, ಮೆಗಾರೇಡ್ ಗುರುತನ್ನು ಮೊದಲು ಅಳಿಸುವ ಬೇರೆ ಹಂತಗಳಿವೆ.

ಹಂತ 8: ಡೇಟಾ ಹಾಕುವ ಮುಂಚೆ ತಪಾಸಣೆ

ಡಿಸ್ಕ್ ಜೋಡಿಸಿ ಬೂಟ್ ಮಾಡಿ. ‘ಕ್ಯಾಮ್‌ಕಂಟ್ರೋಲ್ ಡೆವ್‌ಲಿಸ್ಟ್’ ಕೊಟ್ಟರೆ ಎಂಟೂ ಡಿಸ್ಕ್ ತಮ್ಮ ಮಾಡೆಲ್ ಹೆಸರಿನ ಸಮೇತ ಬರಬೇಕು. ಸ್ಮಾರ್ಟ್‌ಮಾನ್‌ಟೂಲ್ಸ್ ಪ್ಯಾಕೇಜ್ ಹಾಕಿ ‘ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಡಿಎ0’ ಓಡಿಸಿ. ಡಿಸ್ಕಿನ ಮೇಲಿನ ಲೇಬಲ್‌ನಲ್ಲಿರುವ ಸೀರಿಯಲ್ ನಂಬರೇ ಪರದೆಯಲ್ಲೂ ಬಂದರೆ ನಡುವೆ ಯಾರೂ ಕೂತಿಲ್ಲ. ಯಾವ ಕೇಬಲಿಗೆ ಯಾವ ಸೀರಿಯಲ್ ಎಂದು ಈಗಲೇ ಬರೆದು ಕ್ಯಾಬಿನೆಟ್ ಒಳಗೆ ಅಂಟಿಸಿ. ಡಿಸ್ಕ್ ಕೆಟ್ಟ ರಾತ್ರಿ ಯಾವುದನ್ನು ಎಳೆಯಬೇಕೆಂದು ಊಹಿಸುವುದು ತಪ್ಪುತ್ತದೆ.

ಲೇನ್ ಎಷ್ಟು ಸಿಕ್ಕಿದೆ ನೋಡಲು ‘ಪಿಸಿಐಕಾನ್ಫ್ -ಎಲ್‌ಸಿ’. ಕಾರ್ಡಿನ ಕೆಳಗೆ ‘ಲಿಂಕ್ ಎಕ್ಸ್4(ಎಕ್ಸ್8)’ ಎಂಬಂಥ ಮಾತು ಇರುತ್ತದೆ. ಆವರಣದ ಹೊರಗಿನದು ಈಗ ಸಿಕ್ಕಿರುವುದು, ಒಳಗಿನದು ಕಾರ್ಡಿನ ಗರಿಷ್ಠ. ವೇಗದ ಅಂಕಿ 5.0 ಎಂದರೆ ಪಿಸಿಐಇ 2.0, 8.0 ಎಂದರೆ 3.0. ಎಂಟು ಲೇನಿನ ಸ್ಲಾಟಿನಲ್ಲೂ ಎಕ್ಸ್1 ಬಂದರೆ ಕಾರ್ಡ್ ತೆಗೆದು, ಅಂಚಿನ ಚಿನ್ನದ ಪಿನ್‌ಗಳನ್ನು ಒರೆಸಿ, ಮತ್ತೆ ಗಟ್ಟಿಯಾಗಿ ಕೂರಿಸಿ. ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಐಡಿ ಮತ್ತು ಡ್ರೈವರ್ ತೋರಿಸುತ್ತದೆ, ‘-ವಿವಿ’ ಲಿಂಕ್ ತೋರಿಸುತ್ತದೆ.

ಆಮೇಲೆ ಎಂಟೂ ಡಿಸ್ಕನ್ನು ಒಟ್ಟಿಗೆ ಓದಿಸಿ. ಒಂದೊಂದಕ್ಕೂ ‘ಡಿಡಿ ಐಎಫ್=/ಡೆವ್/ಡಿಎ0 ಒಎಫ್=/ಡೆವ್/ನಲ್ ಬಿಎಸ್=1ಎಂ’ ಎಂದು ಬೇರೆ ಬೇರೆ ಟರ್ಮಿನಲ್‌ನಲ್ಲಿ ಶುರು ಮಾಡಿ, ಇನ್ನೊಂದರಲ್ಲಿ ‘ಜಿಸ್ಟ್ಯಾಟ್’ ನೋಡುತ್ತಿರಿ. ಐಎಫ್ ಎಂದರೆ ಓದುವ ಕಡೆ, ಒಎಫ್ ಎಂದರೆ ಬರೆಯುವ ಕಡೆ. ಅದಲುಬದಲಾದರೆ ಡಿಸ್ಕ್ ಅಳಿಸುತ್ತದೆ, ಎಂಟರ್ ಒತ್ತುವ ಮುಂಚೆ ಇನ್ನೊಮ್ಮೆ ಓದಿ. ಕನಿಷ್ಠ ನಾಲ್ಕೈದು ಗಂಟೆ ಓಡಲಿ, ಕಾರ್ಡ್ ಪೂರ್ತಿ ಬಿಸಿಯಾಗಬೇಕು. ಐದು ನಿಮಿಷದ ಪರೀಕ್ಷೆಯಲ್ಲಿ ಎಲ್ಲ ಕಾರ್ಡೂ ಪಾಸ್.

ಎಸ್‌ಎಸ್‌ಡಿ ಜೋಡಿಸಿದ್ದರೆ ‘ಡಿಸ್ಕ್‌ಇನ್ಫೊ -ವಿ’ ಕೊಟ್ಟು ಟ್ರಿಮ್ (ಅಳಿಸಿದ ಜಾಗ ಯಾವುದೆಂದು ಎಸ್‌ಎಸ್‌ಡಿಗೆ ತಿಳಿಸುವ ಕಮಾಂಡ್) ಸಾಲಿನಲ್ಲಿ ‘ಯೆಸ್’ ಇದೆಯೇ ನೋಡಿ. ಟ್ರಿಮ್ ಆದ ಜಾಗ ಓದಿದಾಗ ಖಚಿತವಾಗಿ ಸೊನ್ನೆ ಕೊಡುವ ಎಸ್‌ಎಸ್‌ಡಿಗೆ ಮಾತ್ರ ಈ ಎಚ್‌ಬಿಎಗಳು ಟ್ರಿಮ್ ದಾಟಿಸುತ್ತವೆ. ಅಗ್ಗದ ಎಸ್‌ಎಸ್‌ಡಿಗಳನ್ನು ಬೋರ್ಡಿನ ಸಾಟಾ ಪೋರ್ಟಿಗೆ ಹಾಕಿ, ತಿರುಗುವ ಡಿಸ್ಕುಗಳನ್ನು ಎಚ್‌ಬಿಎಗೆ ಕೊಡಿ.

ತೊಂದರೆ ಕಂಡರೆ ಎಷ್ಟು ಡಿಸ್ಕ್ ಎಂದು ಎಣಿಸಿ

ಪರೀಕ್ಷೆಯ ನಡುವೆ ‘ಕಮಾಂಡ್ ಟೈಮ್‌ಔಟ್’ ಸಾಲುಗಳು ಬಂದರೆ ಏನನ್ನೂ ಬದಲಿಸುವ ಮುಂಚೆ ಡಿಸ್ಕಿನ ಸಂಖ್ಯೆ ಬರೆದುಕೊಳ್ಳಿ.

ಒಂದೇ ಡಿಸ್ಕ್ ಪದೇ ಪದೇ ಬಂದರೆ ಅದು ಡಿಸ್ಕ್ ಅಥವಾ ಅದರ ಎಳೆ. ಸ್ಮಾರ್ಟ್ ಪಟ್ಟಿಯ 199ನೇ ಸಾಲು, ಅಂದರೆ ಸಿಆರ್‌ಸಿ ತಪ್ಪುಗಳ ಎಣಿಕೆ, ಏರುತ್ತಿದ್ದರೆ ಕೇಬಲ್. ಆ ಅಂಕಿ ಎಂದೂ ಇಳಿಯುವುದಿಲ್ಲ, ಆದ್ದರಿಂದ ಹಳೆಯ ಡಿಸ್ಕಿನಲ್ಲಿ 40 ಕಂಡರೆ ಗಾಬರಿ ಬೇಡ. ಇವತ್ತು 40, ನಾಳೆ 55 ಆದರೆ ಮಾತ್ರ ಕೇಬಲ್ ಬದಲಿಸಿ. 5ನೇ ಅಥವಾ 197ನೇ ಸಾಲು ಏರಿದರೆ ಡಿಸ್ಕೇ ಹೋಗುತ್ತಿದೆ. ಖಚಿತವಾಗಲು ಎರಡು ಡಿಸ್ಕಿನ ಕೇಬಲ್ ತುದಿ ಅದಲುಬದಲು ಮಾಡಿ. ತಪ್ಪು ಡಿಸ್ಕಿನ ಜೊತೆ ಹೋಯಿತೋ, ಕೇಬಲಿನ ಜೊತೆ ಉಳಿಯಿತೋ ನೋಡಿ.

ನಾಲ್ಕು ಡಿಸ್ಕ್ ಒಟ್ಟಿಗೆ ಬಿದ್ದು, ನಾಲ್ಕೂ ಒಂದೇ ಕನೆಕ್ಟರಿನವು ಆಗಿದ್ದರೆ ಬ್ರೇಕ್‌ಔಟ್ ಕೇಬಲ್. ನಾಲ್ಕೂ ಒಂದೇ ಪವರ್ ತಂತಿಯವು ಆಗಿದ್ದರೆ ಪವರ್. ಡೇಟಾ ಕೇಬಲಿನ ಗುಂಪೂ ಪವರಿನ ಗುಂಪೂ ಒಂದೇ ಆಗದಂತೆ ಜೋಡಿಸಿದ್ದರೆ ಯಾವುದೆಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಹಾಗಾಗಿ ಮೊದಲೇ ಅಡ್ಡಡ್ಡ ಹಂಚಿ.

ಎಂಟೂ ಬಿದ್ದು ‘ಐಒಸಿ ಫಾಲ್ಟ್’ ಎಂಬ ಸಾಲು ಕಂಡರೆ ಕಾರ್ಡ್ ತಾನೇ ಕುಸಿದು ರೀಸೆಟ್ ಆಗಿದೆ. ಮೊದಲು ಬಿಸಿ ನೋಡಿ, ಆಮೇಲೆ ಫರ್ಮ್‌ವೇರ್ ಆವೃತ್ತಿ, ಆಮೇಲೆ ಸ್ಲಾಟ್. ಕ್ಯಾಬಿನೆಟ್ಟಿನ ಬಾಗಿಲು ತೆಗೆದು ಟೇಬಲ್ ಫ್ಯಾನ್ ಮುಂದಿಟ್ಟು ಅದೇ ಪರೀಕ್ಷೆ ಮತ್ತೆ ಓಡಿಸಿ. ಈ ಬಾರಿ ರಾತ್ರಿಯಿಡೀ ನಿಂತರೆ ಕಾರ್ಡಿನಲ್ಲಿ ದೋಷವಿಲ್ಲ, ಆ 40 ಮಿಲಿಮೀಟರ್ ಫ್ಯಾನ್ ಕಟ್ಟುವುದು ಬಾಕಿ ಇದೆ.